ಬೆಂಗಳೂರಾಗ ಮೂರು ರಾತ್ರಿ: ಅತ್ತಿ, ಮಕ್ಕಳ ಜೋಡಿ ಯಾವ ಏರಿಯಾದಾಗ ಉಳಕೊಂಡ್ರ ಚೊಲೋ?

ಧಾರವಾಡದ ಸೊಸಿ:

ಎಲ್ಲಾರಿಗೂ ನಮಸ್ಕಾರ. ಜನವರಿ ಮೂರನೇ ವಾರ ನಾವು ಐದು ಮಂದಿ ಬೆಂಗಳೂರಿಗೆ ಬರಾಕತ್ತೇವಿ. ನಾನು, ನಮ್ಮನಿಯವರು, ಅತ್ತಿಯವರು, ಎಂಟನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ. ಶುಕ್ರವಾರ ಮಧ್ಯಾಹ್ನ ವಂದೇ ಭಾರತ್ ಹತ್ತಿ ರಾತ್ರಿ ಊಟದ ಹೊತ್ತಿಗೆ ಇಳಿಯೋದು, ಸೋಮವಾರ ರಾತ್ರಿ ರೈಲಿಗೆ ಹೊಳ್ಳಿ ಹೋಗೋದು.

ಬೆಂಗಳೂರಿಗೆ ಬಂದೇ ಇಲ್ಲಂತಲ್ಲ. ಮದುವಿ, ದವಾಖಾನಿ, ಪರೀಕ್ಷಾ ಅಂತ ಬಂದೇವಿ, ಕೆಲಸ ಮುಗಿಸಿ ರಾತ್ರಿ ಬಸ್ಸಿಗೆ ಹೋಗೇವಿ. ಊರು ನೋಡಾಕಂತ ಬರೋದು ಇದೇ ಮೊದಲ.

ಉಳಕೊಳ್ಳೋದು ಎಲ್ಲಿ ಅಂತ ಕೇಳಿದ್ರ ಒಬ್ಬೊಬ್ರು ಒಂದೊಂದು ಹೇಳ್ತಾರ. ನಮ್ಮನಿಯವರ ಆಫೀಸಿನವರು ಮೆಜೆಸ್ಟಿಕ್ ಅಂತಾರ, ರೈಲು ಇಳದ ಕೂಡಲೇ ಲಾಡ್ಜ್. ನಾದಿನಿ ಮಗ ಕೋರಮಂಗಲದಾಗ ಇರ್ತಾನ, ‘ಇಲ್ಲೇ ಬರ್ರಿ ಮಾಮಿ, ತಿನ್ನಾಕ ಎಲ್ಲಾ ಸಿಗತೈತಿ’ ಅಂತಾನ. ಫೋನಿನಾಗ ನೋಡಿದ್ರ ಮಾರತಹಳ್ಳಿ ಕಡೆ ರೂಮು ಭಾಳ ಸೋವಿ ಅದಾವ, ಫೋಟೋನೂ ಚಂದ ಅದಾವ.

ಅತ್ತಿಯವರಿಗೆ ಎಪ್ಪತ್ತು ದಾಟೇತಿ. ಮೊಳಕಾಲು ನೋವು, ಮೆಟ್ಟಿಲು ಆಗಂಗಿಲ್ಲ. ಸಪಾಟ ಇದ್ರ ನಿಧಾನಕ ಒಂದು ಕಿಲೋಮೀಟರ್ ನಡೀತಾರ. ನಸುಕಿನಾಗ ಎದ್ದು, ಆರಕ್ಕ ಎಲ್ಲ್ಯರ ಒಂದು ಗುಡಿಗೆ ಹೋಗಿ ಬರಲಿಲ್ಲಂದ್ರ ಅವರಿಗೆ ದಿನಾನ ಸುರು ಆಗಂಗಿಲ್ಲ. ಲಾಲ್‌ಬಾಗಿನ ಹೂವಿನ ಪ್ರದರ್ಶನ, ದೊಡ್ಡ ಬಸವಣ್ಣ, ಇವೆರಡು ನೋಡಬೇಕಂತಾರ. ಮಗಳಿಗೆ ತಾರಾಲಯ, ಮಗಗ ಮೆಟ್ರೊ. ನಮ್ಮನಿಯವರಿಗೆ ರಂಗಶಂಕರದಾಗ ಒಂದು ನಾಟಕ ನೋಡೋ ಆಸೆ ಭಾಳ ದಿನದ್ದು. ನನಗ ಒಂದೆರಡು ಸಂಜಿ ಅವಸರ ಇಲ್ಲದ ಅಡ್ಡಾಡಬೇಕು, ಅಷ್ಟ.

ಎರಡು ರೂಮು ಬೇಕು. ತೀರಾ ದುಬಾರಿ ಬ್ಯಾಡ, ಸ್ವಚ್ಛ ಇರಬೇಕು. ಯಾವ ಏರಿಯಾ, ಯಾಕ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ರಿ.

ಕಾಡುಗೋಡಿ ಪ್ಯಾಸೆಂಜರ್:

ಮಾರತಹಳ್ಳಿ ಬೇಡ ಮೇಡಂ. ನಾನು ದಿನಾ ಆ ಕಡೆಗೇ ಕೆಲಸಕ್ಕೆ ಹೋಗೋನು. ಅಲ್ಲಿನ ರೂಮುಗಳು ಕಂಪನಿ ಕೆಲಸದ ಮೇಲೆ ಬರೋರಿಗೆ ಅನುಕೂಲ. ನೀವು ನೋಡಬೇಕು ಅಂದಿರೋ ಒಂದು ಜಾಗವೂ ಅದರ ಹತ್ತಿರ ಇಲ್ಲ, ಮೆಟ್ರೊ ಇನ್ನೂ ಅಲ್ಲಿಗೆ ಬಂದಿಲ್ಲ. ರೂಮಿನಲ್ಲಿ ಉಳಿಸಿದ ದುಡ್ಡು ಕ್ಯಾಬಿಗೆ ಹೋಗುತ್ತೆ, ಹೊತ್ತು ಔಟರ್ ರಿಂಗ್ ರೋಡಲ್ಲಿ ಹೋಗುತ್ತೆ. ವೈಟ್‌ಫೀಲ್ಡಿಗೆ ನೇರಳೆ ಮಾರ್ಗ ಇದೆ ನಿಜ, ಆದರೆ ಅಲ್ಲಿಂದ ಮೆಜೆಸ್ಟಿಕ್‌ಗೇ ಸುಮಾರು ಒಂದು ಗಂಟೆ.

ಕೋರಮಂಗಲ, ಇಂದಿರಾನಗರ ಹುಡುಗರಿಗೆ ಚೆನ್ನ. ಶುಕ್ರವಾರ, ಶನಿವಾರ ರಾತ್ರಿ ಮುಖ್ಯ ರಸ್ತೆಗಳಲ್ಲಿ ಗಲಾಟೆ ನಿಲ್ಲೋದು ತಡ. ಬೆಳಗ್ಗೆ ಬೇಗ ಏಳೋ ಹಿರಿಯರು ಜೊತೆಗಿದ್ದಾಗ ಯೋಚನೆ ಮಾಡಿ.

ಮೆಟ್ರೊದ ಹಸಿರು ಮಾರ್ಗದ ಯಾವುದಾದರೂ ನಿಲ್ದಾಣಕ್ಕೆ ಹತ್ತಿರ ಇರೋ ಹಾಗೆ ನೋಡಿಕೊಳ್ಳಿ. ಲಾಲ್‌ಬಾಗ್, ಜಯನಗರ, ಬನಶಂಕರಿ ಎಲ್ಲ ಅದರ ಮೇಲೇ ಬರುತ್ತೆ.

ತ್ಯಾಗರಾಜನಗರದ ಅಜ್ಜಿ:

ನೋಡಿಮ್ಮ, ನಿಮ್ಮ ಅತ್ತೆಯವರಿಂದಲೇ ಶುರು ಮಾಡಿ. ಬೆಳಗ್ಗೆ ಆರಕ್ಕೆ ಅವರು ಯಾರನ್ನೂ ಎಬ್ಬಿಸದೆ, ಆಟೋ ಹಿಡಿಯದೆ, ಒಬ್ಬರೇ ಹೋಗಿ ದೇವರಿಗೆ ಕೈಮುಗಿದು ಬರೋ ಹಾಗಿರಬೇಕು. ಅಂಥ ಕಡೆ ರೂಮು ಮಾಡಿ. ತಾರಾಲಯ, ವಿಧಾನಸೌಧ, ಮ್ಯೂಸಿಯಂ ಇವಕ್ಕೆಲ್ಲ ನೀವು ಎಲ್ಲಿ ಉಳಿದುಕೊಂಡರೂ ಹಗಲು ಹೊತ್ತು ಮೆಟ್ರೊದಲ್ಲಿ ಹೋಗಿ ಬರೋದೇ. ಉಳಿದುಕೊಂಡ ಜಾಗ ಲೆಕ್ಕಕ್ಕೆ ಬರೋದು ಬೆಳಗ್ಗೆ ಒಂಬತ್ತರೊಳಗೆ, ಸಂಜೆ ಆರರ ಮೇಲೆ. ಅದೂ ನಿಮಗೆ ಸಂಜೆ ಸುಮ್ಮನೆ ಓಡಾಡಬೇಕು ಅಂತಿದೆ. ಅದಕ್ಕೇ ನಾನು ಹೇಳೋದು ಬಸವನಗುಡಿ. ಗಾಂಧಿಬಜಾರ್, ನ್ಯಾಷನಲ್ ಕಾಲೇಜು, ಬುಲ್ ಟೆಂಪಲ್ ರಸ್ತೆ, ಈ ಮೂರರ ನಡುವೆ ಎಲ್ಲಿ ಸಿಕ್ಕರೂ ಆಯಿತು.

ನಾನು ಹನುಮಂತನಗರದಲ್ಲಿ ಹುಟ್ಟಿ, ಮದುವೆಯಾಗಿ ತ್ಯಾಗರಾಜನಗರಕ್ಕೆ ಬಂದವಳು. ಈ ಬೀದಿಗಳ ಮೇಲೆ ನನಗೆ ಪ್ರೀತಿ ಜಾಸ್ತಿ. ಆದರೆ ಪ್ರೀತಿಯ ಜೊತೆ ಕಾರಣಾನೂ ಇದೆ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತಂದು ನೆಲೆ ಮಾಡಿಸೋಕೆ ಅಂತ ಎಬ್ಬಿಸಿದ ಬಡಾವಣೆಗಳು ಬಸವನಗುಡಿ ಮತ್ತೆ ಮಲ್ಲೇಶ್ವರ. ಗಾಳಿ ಬೆಳಕು ಬರಲಿ ಅಂತಲೇ ಮಾಡಿದ್ದು. ಅದಕ್ಕೇ ರಸ್ತೆ ನೇರ, ಮರ ದೊಡ್ಡವು, ನಡುನಡುವೆ ಪಾರ್ಕು. ಹೊಸಬರಿಗೂ ದಾರಿ ಬೇಗ ಮನಸ್ಸಿಗೆ ಕೂರುತ್ತೆ. ನಾಲ್ಕು ಹೆಜ್ಜೆಗೊಮ್ಮೆ ಕೂರಬೇಕು ಅನ್ನೋ ವಯಸ್ಸಿನವರಿಗೆ ಕೃಷ್ಣರಾವ್ ಪಾರ್ಕಿನಂಥ ಜಾಗ ಹತ್ತಿರ ಇರೋದು ಎಷ್ಟು ದೊಡ್ಡ ವಿಷಯ ಅಂತ ನನ್ನ ಮಂಡಿಗೇ ಗೊತ್ತು.

ಬೆಳಗ್ಗೆ ಗಾಂಧಿಬಜಾರಿಗೆ ಬಂದರೆ ಹೂವಿನವರು ಆಗಲೇ ಕೂತಿರ್ತಾರೆ. ಸೇವಂತಿಗೆ ಗುಡ್ಡೆ, ಪಕ್ಕದಲ್ಲಿ ತುಳಸಿ, ಮರುಗ, ಒದ್ದೆ ಬಟ್ಟೆ ಮುಚ್ಚಿಟ್ಟ ಮಲ್ಲಿಗೆ. ನಮ್ಮ ಜೊತೆ ಮಾತಾಡ್ತಾ ಕಟ್ಟುತ್ತಲೇ ಇರ್ತಾರೆ, ಕೈ ಕಡೆ ನೋಡೋದೇ ಇಲ್ಲ. ಎರಡು ಹೂವು ಆ ಕಡೆ, ಎರಡು ಈ ಕಡೆ, ದಾರ ಒಂದು ಸುತ್ತು, ಎಳೆದರೆ ಗಂಟು. ಮೊಳ ಹಾಕೋದು ಅವರ ಮೊಣಕೈಯಿಂದ ಬೆರಳ ತುದಿಗೆ. ನಿಮ್ಮ ಅತ್ತೆಯವರು ಅಲ್ಲಿ ನಿಂತರೆ ಮಾತು ಬೆಳೆಯದೆ ಇರಲ್ಲ. ಧಾರವಾಡದವರು ಅಂದರೆ ಕೇಳೋಕೆ ಇನ್ನೂ ನಾಲ್ಕು ಪ್ರಶ್ನೆ ಇರುತ್ತೆ. ಜನವರಿ ಅಂದರೆ ಅವರೆಕಾಯಿ ಕಾಲ ಬೇರೆ. ಸೊಗಡಿನ ಕಾಯಿ ಒಂದು ಕಡೆ, ಹಿತಕಿದ ಬೇಳೆ ಒಂದು ಕಡೆ. ಮನೆಗೆ ಹೋಗೋ ದಿನ ಒಂದಿಷ್ಟು ಕಟ್ಟಿಸಿಕೊಳ್ಳಿ.

ದೊಡ್ಡ ಗಣಪತಿ ಗುಡಿ ಕೆಳಗೇ ಇದೆ, ದಿನಾ ಬೆಳಗ್ಗೆ ಅವರಿಗೆ ಅದು ಸಾಕು. ಬಸವಣ್ಣನ ಹತ್ತಿರ ಹೋಗೋಕೆ ಮೆಟ್ಟಿಲಿದೆ. ಅವತ್ತೊಂದು ದಿನ ನೀವು ಜೊತೆಗೆ ಹೋಗಿ, ಕೈಹಿಡಿದು, ನಿಲ್ಲಿಸಿ ನಿಲ್ಲಿಸಿ ಹತ್ತಿಸಿ. ಒಂದೇ ಕಲ್ಲಿನ ಬಸವ, ಸುಮಾರು ಹದಿನೈದು ಅಡಿ ಎತ್ತರ, ಹಿಂದಿನಿಂದ ಸುತ್ತು ಬರಬಹುದು. ಪಕ್ಕದಲ್ಲೇ ಬ್ಯೂಗಲ್ ರಾಕ್. ಸಂಜೆ ಅಲ್ಲಿ ಮಕ್ಕಳಿಗೆ ಮರದ ತುಂಬ ತೂಗುಬಿದ್ದ ಬಾವಲಿ ತೋರಿಸಿ, ಡಿ.ವಿ.ಜಿಯವರ ಪ್ರತಿಮೆಯೂ ಇದೆ. ಗವಿ ಗಂಗಾಧರೇಶ್ವರ ಹತ್ತಿರ ಅಂತ ಯಾರಾದರೂ ಹೇಳ್ತಾರೆ. ಹೋಗಿ, ಆದರೆ ಗವಿಯೊಳಗೆ ಪ್ರದಕ್ಷಿಣೆ ಬರೋಕೆ ಬಗ್ಗಿಕೊಂಡೇ ನಡೀಬೇಕು. ಅತ್ತೆಯವರು ಎದುರಿಂದ ದರ್ಶನ ಮಾಡಿ ಕೂತಿರಲಿ.

ಇನ್ನು ಯಾವ ದಿನ ಏನು ಅನ್ನೋದು. ನೀವು ಬರೋ ದಿನಗಳು ಹೇಗಿವೆ ಅಂದರೆ ದಿನಕ್ಕೊಂದು ಕಡೆ ಬಾಗಿಲು ಹಾಕಿರುತ್ತೆ. ಶುಕ್ರವಾರ ವಿದ್ಯಾರ್ಥಿ ಭವನ ಅನ್ನೋ ದೋಸೆ ಹೋಟೆಲಿಗೆ ರಜಾ, ಭಾನುವಾರ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ರಜಾ, ಸೋಮವಾರ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲಿಗೂ ತಾರಾಲಯಕ್ಕೂ ರಜಾ. ಹಾಗಾಗಿ ಶನಿವಾರ ಬೆಳಗ್ಗೆ ಏಳರೊಳಗೆ ವಿದ್ಯಾರ್ಥಿ ಭವನಕ್ಕೆ ಹೋಗಿಬಿಡಿ. 1943ರಿಂದ ಅದೇ ಗಾಂಧಿಬಜಾರಿನಲ್ಲಿದೆ. ತಡವಾದರೆ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು, ಅತ್ತೆಯವರಿಗೆ ನಿಂತಿರೋಕಾಗಲ್ಲ. ಮಗನಿಗೆ ಹೇಳಿ, ದೋಸೆ ತಟ್ಟೆಗಳನ್ನು ತೋಳಿನ ಉದ್ದಕ್ಕೂ ಒಂದರ ಮೇಲೊಂದು ಜೋಡಿಸಿಕೊಂಡು ಬರೋರನ್ನ ನೋಡು ಅಂತ. ಅಲ್ಲಿಂದ ತಾರಾಲಯಕ್ಕೆ ಹೊರಡಿ. ಕನ್ನಡದ ಪ್ರದರ್ಶನ ಎಷ್ಟು ಹೊತ್ತಿಗೆ ಅಂತ ಮೊದಲೇ ನೋಡಿಕೊಂಡಿರಿ. ನ್ಯಾಷನಲ್ ಕಾಲೇಜಿನಿಂದ ಮೆಜೆಸ್ಟಿಕ್ ಮೂರನೇ ನಿಲ್ದಾಣ. ಅಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ವಿಧಾನಸೌಧದಲ್ಲಿ ಇಳಿದು ಆಟೋ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಕೆಳಗೆ, ನೇರಳೆ ಅದರ ಮೇಲೆ. ಜನದ ಜೊತೆ ಎಸ್ಕಲೇಟರ್ ಕಡೆ ಹೋಗಬೇಡಿ, ಲಿಫ್ಟ್ ಎಲ್ಲಿ ಅಂತ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಹೊತ್ತು ಉಳಿದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಮಕ್ಕಳು ಅಲ್ಲಿಂದ ಬೇಗ ಹೊರಡಲ್ಲ.

ಲಾಲ್‌ಬಾಗ್ ಶನಿವಾರ ಭಾನುವಾರ ಬೇಡವೇ ಬೇಡ. ಗಣರಾಜ್ಯೋತ್ಸವದ ಹೂವಿನ ಪ್ರದರ್ಶನ ನಡೀತಿದ್ದರೆ ಆ ಎರಡು ದಿನ ಗಾಜಿನಮನೆ ಹತ್ತಿರ ಕಾಲಿಡೋಕೆ ಜಾಗ ಇರಲ್ಲ. ಸೋಮವಾರ ಬೆಳಗ್ಗೆ ಹೋಗಿ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, ಈಗ 240 ಎಕರೆ. ಎಲ್ಲ ನೋಡ್ತೀವಿ ಅಂತ ಹೊರಟರೆ ಅತ್ತೆಯವರಿಗೆ ಕಷ್ಟ. ಗಾಜಿನಮನೆ ನೋಡಿಸಿ ನೆರಳಲ್ಲಿ ಕೂರಿಸಿ, ಮಕ್ಕಳನ್ನು ನೀವು ಬಂಡೆ ಹತ್ತಿಸಿಕೊಂಡು ಬನ್ನಿ. ಮುನ್ನೂರು ಕೋಟಿ ವರ್ಷದ ಬಂಡೆ ಅದು ಅಂದರೆ ನಿಮ್ಮ ಮಗಳು ಎರಡು ಸಲ ಮುಟ್ಟಿ ನೋಡ್ತಾಳೆ.

ಬಸವನಗುಡಿಯಲ್ಲಿ ತೊಂದರೆ ಏನು ಅಂದರೆ ಲಾಡ್ಜುಗಳು ಕಡಿಮೆ, ಹೂವಿನ ಪ್ರದರ್ಶನದ ವಾರ ಅಂತೂ ಬೇಗ ತುಂಬುತ್ತೆ. ಈಗಲೇ ಹಿಡೀರಿ. ರಾತ್ರಿ ಹತ್ತರ ಮೇಲೆ ಊಟ ಸಿಗೋದೂ ಕಷ್ಟ. ಇಲ್ಲಿ ಸಿಗಲಿಲ್ಲ ಅಂದರೆ ಜಯನಗರ 3ನೇ, 4ನೇ ಬ್ಲಾಕ್ ನೋಡಿ. ಅಲ್ಲೂ ಮೆಟ್ರೊ ಇದೆ, ಸಂಜೆ ಓಡಾಡೋಕೆ ಚೆನ್ನಾಗಿದೆ, ರಂಗಶಂಕರಕ್ಕೆ ಇನ್ನೂ ಹತ್ತಿರ.

ಎಂಟನೇ ಕ್ರಾಸ್:

ಅಜ್ಜಿಯವರ ಮಾತು ಪೂರ್ತಿ ಒಪ್ಪುತ್ತೇನೆ, ಆದರೆ ಅವರು ಹೇಳಿದ ಕಾರಣಗಳೆಲ್ಲ ಮಲ್ಲೇಶ್ವರಕ್ಕೂ ಸಲ್ಲುತ್ತವೆ. ಜೊತೆಗೆ ಒಂದು ಅನುಕೂಲ ಹೆಚ್ಚು. ನೀವು ಬರುವ ರೈಲು ಯಶವಂತಪುರದಲ್ಲಿ ನಿಲ್ಲುತ್ತದೆ, ಅಲ್ಲೇ ಇಳಿದರೆ ಮಲ್ಲೇಶ್ವರ ಹತ್ತಿರ. ಮೆಜೆಸ್ಟಿಕ್ ಕಡೆಯ ನೂಕುನುಗ್ಗಲು ತಪ್ಪುತ್ತದೆ.

ಸಂಜೆ ಓಡಾಡಬೇಕು ಅಂದಿದ್ದೀರಿ. ಎಂಟನೇ ಕ್ರಾಸಿನಿಂದ ಸಂಪಿಗೆ ರಸ್ತೆ ಹಿಡಿದು ಕಾಡು ಮಲ್ಲೇಶ್ವರನ ಗುಡಿಯವರೆಗೆ ಹೋಗಿ ಬಂದರೆ ಹೂವು, ಹಣ್ಣು, ಸೀರೆ, ಪಾತ್ರೆ, ಪೂಜಾ ಸಾಮಾನು ಎಲ್ಲ ಒಂದೇ ದಾರಿಯಲ್ಲಿ. ಕಾಡು ಮಲ್ಲೇಶ್ವರನಿಗೆ ಮೆಟ್ಟಿಲು ಹತ್ತಬೇಕು. ಎದುರಿನ ನಂದಿ ತೀರ್ಥಕ್ಕೆ ಇಳಿಯಬೇಕು, ನಂದಿಯ ಬಾಯಿಂದ ಬರುವ ನೀರು ಕೆಳಗಿನ ಲಿಂಗದ ಮೇಲೆ ಬೀಳುವುದನ್ನು ಮಕ್ಕಳು ನೋಡಲೇಬೇಕು. ಪಕ್ಕದಲ್ಲೇ ಗಂಗಮ್ಮನ ಗುಡಿಯೂ ಇದೆ. ತಿಂಡಿಗೆ ಮಾರ್ಗೊಸಾ ರಸ್ತೆಯ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ, ವೀಣಾ ಸ್ಟೋರ್ಸ್‌ನಲ್ಲಿ ಇಡ್ಲಿ. ವೀಣಾದಲ್ಲಿ ಫುಟ್‌ಪಾತಿನ ಮೇಲೆ ನಿಂತೇ ತಿನ್ನಬೇಕು, ಅದು ನಿಮ್ಮ ಅತ್ತೆಯವರಿಗೆ ಆಗಲಿಕ್ಕಿಲ್ಲ, ಕಟ್ಟಿಸಿಕೊಂಡು ರೂಮಿಗೆ ತನ್ನಿ.

ಒಂದೇ ಅಡ್ಡಿ ಎಂದರೆ ನಿಮಗೆ ಬೇಕಾದ ಲಾಲ್‌ಬಾಗ್, ಬಸವಣ್ಣ, ರಂಗಶಂಕರ ಮೂರೂ ದಕ್ಷಿಣದಲ್ಲಿವೆ. ಸಂಪಿಗೆ ರಸ್ತೆ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಬದಲಾಯಿಸದೆ ಹೋಗಬಹುದು, ಆದರೂ ಅತ್ತೆಯವರಿಗೆ ದಿನಾ ಮೆಟ್ರೊ ಹತ್ತಿಳಿಯುವ ಕೆಲಸ. ಇನ್ನೊಮ್ಮೆ ನೀವಿಬ್ಬರೇ ಬಂದಾಗ ಮಲ್ಲೇಶ್ವರದಲ್ಲಿ ಉಳಿಯಿರಿ.

ಧಾರವಾಡದ ಸೊಸಿ:

ಎಷ್ಟು ಚಂದ ಬಿಡಿಸಿ ಹೇಳಿದ್ರಿ. ಅಜ್ಜೀರ ಉತ್ತರ ಅತ್ತಿಯವರಿಗೆ ಓದಿ ಹೇಳಿದೆ. ಹೂವಿನವರ ಮಾತು ಬಂದಾಗ ‘ಮತ್ತ ಓದು’ ಅಂದ್ರು. ಬಸವನಗುಡಿ ಅಂತ ಗಟ್ಟಿ ಆತು. ಇನ್ನ ಮೂರು ಸಂಶಯ ಅದಾವ. ಮೆಜೆಸ್ಟಿಕ್ ಯಾಕ ಬ್ಯಾಡ ಅಂತ ನಮ್ಮನಿಯವರು ಇನ್ನೂ ಕೇಳಾಕತ್ತಾರ. ನಾಟಕ ಯಾವತ್ತು ಇಟ್ಕೋಬೇಕು? ಮತ್ತ ಲಾಡ್ಜಿಗೆ ಫೋನ್ ಮಾಡಿದಾಗ ಏನೇನು ಕೇಳಬೇಕು?

ಕಾಡುಗೋಡಿ ಪ್ಯಾಸೆಂಜರ್:

ಓಡಾಟದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನೀವು ಐದು ಜನ, ಆಟೋದಲ್ಲಿ ಮೂರೇ ಜನ ಕೂರಬೇಕು. ಲಗೇಜು ಬೇರೆ. ರೈಲು ಇಳಿದ ರಾತ್ರಿ ಒಂದು ದೊಡ್ಡ ಕ್ಯಾಬ್ ಅಥವಾ ಎರಡು ಆಟೋ ಅಂತ ಮೊದಲೇ ಲೆಕ್ಕ ಹಾಕಿ. ಮೀಟರ್ ದರ ಈಗ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರೈಲು ನಿಲ್ದಾಣದಿಂದ ಗಾಂಧಿಬಜಾರಿಗೆ ಐದಾರು ಕಿ.ಮೀ. ಅಂದುಕೊಂಡರೆ ನೂರರ ಆಸುಪಾಸು. ರಾತ್ರಿ ಹತ್ತರ ಮೇಲೆ ಒಂದೂವರೆಪಟ್ಟು. ಇಷ್ಟು ಗೊತ್ತಿದ್ದರೆ ಯಾರಾದರೂ ಮುನ್ನೂರು ಕೇಳಿದಾಗ ಮುಂದಿನ ಆಟೋ ನೋಡಬಹುದು.

ಮೂವರು ಹೆಂಗಸರೂ ಆಧಾರ್ ಕಾರ್ಡ್ ಕೈಗೆ ಸಿಗೋ ಹಾಗೆ ಇಟ್ಟುಕೊಳ್ಳಿ. ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಕೊಡ್ತಾರೆ. ಎಸಿ ಬಸ್ಸಿಗೆ ಇಲ್ಲ.

ತ್ಯಾಗರಾಜನಗರದ ಅಜ್ಜಿ:

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿಮ್ಮ.

ಮೆಜೆಸ್ಟಿಕ್ ಕೆಟ್ಟದ್ದು ಅಂತ ನಾನು ಹೇಳಲ್ಲ. ರಾತ್ರಿ ಬಂದು ಮಲಗಿ ಬೆಳಗ್ಗೆ ಬಸ್ಸು ಹತ್ತೋರಿಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಎಷ್ಟೋ ಲಾಡ್ಜಿನಲ್ಲಿ ಬಂದ ಹೊತ್ತಿನಿಂದ ಇಪ್ಪತ್ನಾಲ್ಕು ಗಂಟೆ ಲೆಕ್ಕ. ಆದರೆ ಅಲ್ಲಿ ಲಾಡ್ಜಿನ ಬಾಗಿಲು ದಾಟಿದರೆ ಬಸ್ಸು, ಆಟೋ, ಮೂಟೆ ಹೊತ್ತು ಓಡೋ ಜನ. ರಸ್ತೆ ದಾಟೋಕೆ ಇಳಿದು ಹತ್ತಬೇಕು. ನಿಮ್ಮ ಅತ್ತೆಯವರು ಬೆಳಗ್ಗೆ ಒಬ್ಬರೇ ಎಲ್ಲಿಗೆ ಹೋಗ್ತಾರೆ? ನೀವು ಏಳೋವರೆಗೆ ರೂಮಿನಲ್ಲೇ ಕೂತಿರಬೇಕಾಗುತ್ತೆ. ಯಜಮಾನರಿಗೆ ಇದೊಂದು ಹೇಳಿ, ಅವರು ಮತ್ತೆ ಕೇಳಲ್ಲ.

ನಾಟಕಕ್ಕೆ ಭಾನುವಾರ. ರಂಗಶಂಕರಕ್ಕೆ ಸೋಮವಾರ ರಜಾ. ಭಾನುವಾರ ಸಾಮಾನ್ಯವಾಗಿ ಮಧ್ಯಾಹ್ನ ಮೂರೂವರೆಗೆ ಒಂದು, ಸಂಜೆ ಏಳೂವರೆಗೆ ಒಂದು ಪ್ರದರ್ಶನ ಇರುತ್ತೆ. ಅವತ್ತು ಯಾವ ನಾಟಕ, ಕನ್ನಡದ್ದು ಹೌದಾ ಅಂತ ನೋಡಿ ಮೂರೂವರೆಯದಕ್ಕೆ ಟಿಕೆಟ್ ಮಾಡಿಸಿ. ಶುರುವಾದ ಮೇಲೆ ಒಂದು ನಿಮಿಷ ತಡವಾದರೂ ಒಳಗೆ ಬಿಡಲ್ಲ, ಹಾಗಾಗಿ ಮೂರಕ್ಕೆಲ್ಲ ಅಲ್ಲಿರಿ. ಮಧ್ಯಾಹ್ನದ ಪ್ರದರ್ಶನ ಆದರೆ ಸಂಜೆ ನಿಮ್ಮದು. ಜಯನಗರ 4ನೇ ಬ್ಲಾಕಿನಲ್ಲಿ ಇಳಿದು ಕಾಂಪ್ಲೆಕ್ಸ್ ಸುತ್ತ ಓಡಾಡಿಕೊಂಡು ಬನ್ನಿ. ರಾತ್ರಿ ಸಜ್ಜನರಾವ್ ವೃತ್ತದ ತಿಂಡಿ ಬೀದಿಗೆ ಹೋಗಿ ನಿಂತೇ ಊಟ ಮುಗಿಸಬಹುದು, ಮಕ್ಕಳಿಗೆ ಖುಷಿ. ಅತ್ತೆಯವರಿಗೆ ಒಂದು ಸ್ಟೂಲು ಕೇಳಿ, ಕೊಡ್ತಾರೆ.

ಫೋನ್ ಮಾಡಿದಾಗ ‘ಲಿಫ್ಟ್ ಇದೆಯಾ’ ಅಂತ ಕೇಳಿದರೆ ಸಾಲದು. ‘ರಸ್ತೆಯಿಂದ ಲಿಫ್ಟ್ ಹತ್ತಿರ ಹೋಗೋಕೆ ಎಷ್ಟು ಮೆಟ್ಟಿಲು’ ಅಂತ ಕೇಳಿ. ಎಷ್ಟೋ ಕಡೆ ಅರ್ಧ ಮಹಡಿ ಹತ್ತಿದ ಮೇಲೆ ಲಿಫ್ಟ್ ಶುರುವಾಗುತ್ತೆ. ಅತ್ತೆಯವರ ರೂಮಿಗೆ ಕುರ್ಚಿ ಕಮೋಡ್ ಇರಬೇಕು ಅಂತ ಒತ್ತಿ ಹೇಳಿ. ಬಿಸಿನೀರು ಎಷ್ಟು ಹೊತ್ತಿಗೆ ಬಿಡ್ತಾರೆ ಅಂತ ಕೇಳಿ. ಅವರು ಐದಕ್ಕೆ ಎದ್ದು ಸ್ನಾನ ಮಾಡೋರು, ಕೆಲವು ಕಡೆ ಆರರವರೆಗೆ ಬಿಡಲ್ಲ. ಹಾಗಿದ್ದರೆ ಗೀಸರ್ ಇರೋ ರೂಮೇ ತಗೊಳ್ಳಿ. ಎರಡು ರೂಮೂ ಒಂದೇ ಮಹಡಿಯಲ್ಲಿರಲಿ, ರಸ್ತೆ ಕಡೆ ಕಿಟಕಿ ಬೇಡ.

ಕೊನೆಗೆ ಸೋಮವಾರದ ಲಗೇಜಿನ ಮಾತು. ಮಧ್ಯಾಹ್ನ ಹನ್ನೆರಡಕ್ಕೆ ರೂಮು ಬಿಡಿಸ್ತಾರೆ, ನಿಮ್ಮ ರೈಲು ರಾತ್ರಿಗೆ. ಬುಕ್ ಮಾಡುವಾಗಲೇ ‘ಸಂಜೆವರೆಗೆ ಬ್ಯಾಗು ಇಟ್ಟುಕೊಳ್ತೀರಾ’ ಅಂತ ಕೇಳಿ ಹೂಂ ಅನ್ನಿಸಿಕೊಳ್ಳಿ. ಹೆಚ್ಚು ದುಡ್ಡು ಕೊಡಬೇಕಾದರೂ ಒಂದು ರೂಮನ್ನು ಸಂಜೆವರೆಗೆ ಉಳಿಸಿಕೊಳ್ಳೋದು ಇನ್ನೂ ಒಳ್ಳೇದು. ಲಾಲ್‌ಬಾಗ್ ಸುತ್ತಿ ಬಂದ ಮೇಲೆ ಅತ್ತೆಯವರು ಎರಡು ಗಂಟೆ ಕಾಲು ಚಾಚಿ ಮಲಗಲಿ, ಅಷ್ಟರಲ್ಲಿ ನೀವು ಗಾಂಧಿಬಜಾರಿಗೆ ಹೋಗಿ ಅವರೆಕಾಯಿ ತಗೊಂಡು ಬನ್ನಿ.